ಹೋಗಿ ಬರುವ ಗಂಟು

ಬಂಡೆ ಹತ್ತಲು ಕಲಿಸುವುದು ಹನ್ನೆರಡು ವರ್ಷದಿಂದ ನನ್ನ ಕಸುಬು. ಹಗ್ಗ ಜೋಡಿಸಲು ಒಂದು ಗಂಟು, ಮರಕ್ಕೆ ಬಿಗಿಯಲು ಇನ್ನೊಂದು. ಜೀವ ಕಟ್ಟಿಕೊಳ್ಳಲು ಮಾತ್ರ ಎಂಟರ ಗಂಟೇ ಆಗಬೇಕು. ಹಗ್ಗದಲ್ಲಿ ಎಂಟರ ಆಕಾರ ಹಾಕಿ, ತುದಿಯನ್ನು ಸೊಂಟದ ಪಟ್ಟಿಯಲ್ಲಿ ತೂರಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಬೇಕು. "ಮನೆಯಿಂದ ಹೊರಡೋವಾಗ 'ಹೋಗ್ತೀನಿ' ಅಂತೀವಾ? 'ಹೋಗಿ ಬರ್ತೀನಿ' ಅಂತೀವಿ. ಹಗ್ಗಾನೂ ಹಾಗೇ ಅನ್ಬೇಕು" ಎಂಬುದು ಹೊಸಬರಿಗೆ ನನ್ನ ಮೊದಲ ಪಾಠ. ಬಂಡೆಯ ನೆತ್ತಿಯ ಕೊಂಡಿಯಲ್ಲಿ ಹಾದು ಇಳಿಯುವ ಹಗ್ಗವನ್ನು ಕೆಳಗೆ ಹಿಡಿಯುವವರು ಹತ್ತುವವರ ಗಂಟನ್ನು ಮುಟ್ಟಿ ನೋಡಬೇಕೆಂಬುದು ಎರಡನೆಯದು.

ಹೋದ ತಿಂಗಳು ನನ್ನ ನಾದಿನಿ ಹಗ್ಗ ಹಿಡಿಯುವ ಕೆಲಸಕ್ಕೆ ಸೇರಿದಳು. ಮನೆಯಲ್ಲಿ ಅವಳನ್ನು ಗಂಟುಮೋರೆ ಎಂದೇ ಕರೆಯುವುದು. ನಗು ಅವಳ ಮುಖಕ್ಕೆ ದಾರಿ ಕೇಳಿಕೊಂಡು ಬರಬೇಕು.

ಅಂದು ಬೆಳಿಗ್ಗೆ, ನಾನು ಗಂಟು ಹಾಕಿಕೊಳ್ಳುತ್ತಿದ್ದಾಗಲೇ, ಕಲಿಯಲು ಬಂದಿದ್ದ ದರ್ಜಿಯೊಬ್ಬರು ಬಾಯಿ ತೆಗೆದರು.

"ಮೇಡಂ, ನಮ್ಮ ಹೊಲಿಗೇಲಿ ಗಂಟು ಕಾಣಿಸಿದ್ರೆ ಗಿರಾಕಿ ಬೈತಾರೆ. ನಿಮ್ಮಲ್ಲಿ ಕಾಣಿಸದೇ ಹೋದ್ರೆ?"

"ಯಮ ಕಾಣಿಸ್ತಾನೆ!"

ಎಲ್ಲರೂ ನಕ್ಕರು. ನಾನೂ ನಗುತ್ತಲೇ ಬಂಡೆಗೆ ಕೈಯಿಟ್ಟು, "ಸರಿ, ಹೋಗ್ತೀನಿ" ಎಂದೆ.

"ಹೋಗಿ ಬರ್ತೀನಿ ಅನ್ನಿ ಅತ್ತಿಗೆ. ಇರಿ, ಗಂಟು ಮುಟ್ಟಿಲ್ಲ."

"ನಿಂಗೆ ಕಲಿಸಿದೋಳೇ ನಾನು ಕಣೇ! ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗಾಯ್ತು."

"ಕೆಮ್ತಾ ಇರಿ. ಮುಟ್ಟದೆ ಬಿಡಲ್ಲ."

ಅವಳ ಬೆರಳು ಹಗ್ಗದ ಗುಂಟ ನಡೆದು ಪಟ್ಟಿಯ ಹತ್ತಿರ ನಿಂತಿತು.

"ಅತ್ತಿಗೆ, ನಿಮ್ಮ ಹಗ್ಗ ಹೋಗಿದೆ. ಬಂದಿಲ್ಲ."

ಬಗ್ಗಿ ನೋಡಿದೆ. ಪಟ್ಟಿಯಲ್ಲಿ ತೂರಿದ ತುದಿ ಹಾಗೇ ಜೋತಾಡುತ್ತಿತ್ತು. ಮಾತಿನಲ್ಲಿ ಮೈಮರೆತು ಅದನ್ನು ಹಿಂದಕ್ಕೆ ನಡೆಸಿಯೇ ಇರಲಿಲ್ಲ. ನಾನು ಬಂಡೆಯ ನೆತ್ತಿ ಮುಟ್ಟುವವರೆಗೂ ಸುಳಿವು ಕೊಡದೆ, ಅಲ್ಲಿ ಮೈಭಾರ ಬಿಟ್ಟ ಕ್ಷಣವೇ ಹಗ್ಗ ಜಾರಿಹೋಗುತ್ತಿತ್ತು. ಕೆಳಗೆ ಬರೀ ಕಲ್ಲು. ಬಂಡೆಯಿಂದ ಕೈ ತೆಗೆದು ಅಲ್ಲೇ ಕುಳಿತೆ.

"ನಾನು ಮಾತಾಡಿಸ್ಬಾರ್ದಿತ್ತು" ಎಂದರು ದರ್ಜಿ.

"ಕೈ ನನ್ನದಲ್ವಾ ಸ್ವಾಮಿ?"

ಪೂರಾ ಬಿಚ್ಚಿ, ತುಟಿ ಎರಡು ಮಾಡದೆ ಮತ್ತೆ ಕಟ್ಟಿದೆ. ಅವಳು ಮುಟ್ಟಿ, "ಹೋಯ್ತು. ಬಂತು" ಎಂದಳು. ಆ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ.

"ಏನತ್ತಿಗೆ ಇದು, ಎಲ್ರೂ ನೋಡ್ತಿದಾರೆ!" ಮುಖ ಇನ್ನಷ್ಟು ಗಂಟಾಯಿತು.

"ನೋಡ್ಲಿ ಬಿಡು. ಇಂಥ ಗಂಟುಮೋರೇನ ನಂಗೇ ಗಂಟುಹಾಕಿದನಲ್ಲ, ದೇವರು ದೊಡ್ಡೋನು."

ಎದ್ದು ಬಂಡೆಗೆ ಕೈಮುಗಿದೆ. "ಹೋಗಿ ಬರ್ತೀನಿ ಕಣೇ."

"ಹೂಂ, ಬನ್ನಿ" ಎಂದು ಅವಳು ಹಗ್ಗ ಬಿಗಿ ಹಿಡಿದಳು.