ದಯವಿಟ್ಟು ಕಣ್ಣು ಮಿಟುಕಿಸಿ

ಇಸ್ತ್ರಿ ಅಜ್ಜನ ಮನೆಯಲ್ಲಿ ಜಗಳಗಳು ಮಾತಿನಿಂದ ಮುಗಿಯುತ್ತಿರಲಿಲ್ಲ. ಅಜ್ಜಿ ಒಗೆದ ಬಟ್ಟೆಯ ಗಂಟನ್ನು ಇಸ್ತ್ರಿ ಮೇಜಿನ ಮೇಲೆ ದೊಪ್ಪನೆ ಹಾಕಿ, ಗಂಡನನ್ನೇ ದಿಟ್ಟಿಸಿ ನಿಲ್ಲುವಳು. ಮೊದಲು ರೆಪ್ಪೆ ಬಡಿದವರು ಸೋತಂತೆ. ಮದುವೆಯಾದಂದಿನಿಂದ ಸೋತವನು ಅಜ್ಜನೇ. “ನಿನಗೆ ರೆಪ್ಪೆ ಕೊಟ್ಟು ದೇವರು ದಂಡ ಮಾಡಿಕೊಂಡ” ಎಂದು ಅವನು ಗೊಣಗಿದರೆ, “ನಿನಗೆ ಬಾಯಿ ಕೊಟ್ಟದ್ದಕ್ಕಿಂತ ವಾಸಿ” ಎನ್ನುವಳು.

ಆ ಬೆಳಿಗ್ಗೆ ಅವಳು ಒಗೆಯುವ ತೊಟ್ಟಿಯ ಬಳಿಯೇ ಕುಸಿದಳು. ತಲೆಯೊಳಗೆ ರಕ್ತನಾಳ ಒಡೆದಿದೆ, ಬೇಗ ಆಪರೇಷನ್ ಆದರೆ ಉಳಿದಾಳು ಎಂದರು ಡಾಕ್ಟರು. ಎದೆಗವಚಿಕೊಂಡು ತಂದಿದ್ದ ಸರ್ಕಾರಿ ವಿಮೆಯ ಕಾರ್ಡನ್ನು ಅಜ್ಜ ಆಸ್ಪತ್ರೆಯ ಕೌಂಟರಿನಾಕೆಗೆ ಕೊಟ್ಟ.

ಆಕೆ ಬೆರಳಚ್ಚಿನ ಯಂತ್ರ ಹಿಡಿದು ಹಾಸಿಗೆಯ ಬಳಿಗೇ ಬಂದಳು. ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಸೋಪು, ಸೋಡಾ ತಿಂದ ಬೆರಳುಗಳು; ಗೆರೆಗಳೇ ಉಳಿದಿರಲಿಲ್ಲ.

“ಬೆರಳು ತಗೊಳ್ತಿಲ್ಲ ಅಜ್ಜ. ಮುಖ ತೋರಿಸೋಣ.”

ಫೋನನ್ನು ಅಜ್ಜಿಯ ಮುಖಕ್ಕೆ ಹಿಡಿದಳು. ಅದರೊಳಗಿನ ದನಿ ನಯವಾಗಿ ಹೇಳಿತು: “ದಯವಿಟ್ಟು ಕಣ್ಣು ಮಿಟುಕಿಸಿ.”

“ಅವಳಿಗೆ ಪ್ರಜ್ಞೇನೇ ಇಲ್ಲವಲ್ಲಮ್ಮ!”

“ಬದುಕಿದಾರೆ ಅಂತ ಅದಕ್ಕೆ ಗೊತ್ತಾಗಬೇಕಂತೆ. ಬರೀ ಫೋಟೋ ತೋರಿಸಿ ಮೋಸ ಮಾಡ್ತಿದ್ರು, ಅದಕ್ಕೇ ಹೀಗೆ ಮಾಡಿದಾರೆ.”

“ಡಾಕ್ಟರು ಇಲ್ಲೇ ನಿಂತಿದಾರೆ. ಅವರು ನಾಡಿ ಹಿಡಿದು ಹೇಳಿದ್ರೆ ಸಾಲದಾ?”

ಡಾಕ್ಟರು ತಲೆ ತಗ್ಗಿಸಿದರು. “ನನ್ನ ಮಾತಿಗೆ ಅದರಲ್ಲಿ ಜಾಗ ಇಲ್ಲ ಅಜ್ಜ. ಮೇಲಿನ ಆಫೀಸಿಗೆ ಬರೆದಿದೀನಿ. ಮಂಜೂರಾತಿ ಬರದೆ ಇಲ್ಲಿ ಥಿಯೇಟರ್ ಕೊಡಲ್ಲ. ಬೇರೆ ಕಡೆ ಒಯ್ದರೆ ದಾರೀಲೇ ಉಳಿಯಲ್ಲ.”

ಅಜ್ಜ ಎರಡು ಬೆರಳಿಂದ ಹೆಂಡತಿಯ ರೆಪ್ಪೆಗಳನ್ನು ಮೆಲ್ಲಗೆ ಎತ್ತಿದ, ಇಳಿಸಿದ, ಮತ್ತೆ ಎತ್ತಿದ.

“ಮುಖಕ್ಕೆ ಕೈ ಅಡ್ಡ ಬಂದಿದೆ” ಎಂದಿತು ಫೋನು.

ಅವನು ಅವಳ ಕಿವಿಯ ಬಳಿ ಬಗ್ಗಿದ. “ಒಂದೇ ಒಂದು ಸಲ ಸೋತುಬಿಡೇ. ಯಾರಿಗೂ ಹೇಳಲ್ಲ.”

ಅವಳು ಸೋಲಲಿಲ್ಲ. ಕೌಂಟರಿನಾಕೆ ಊಟಕ್ಕೂ ಹೋಗದೆ ಮತ್ತೆ ಮತ್ತೆ ಬಂದು ಫೋನು ಹಿಡಿದಳು. ಅಜ್ಜ ಹಾಸಿಗೆಯ ಪಕ್ಕದಲ್ಲಿ ಮಂಡಿಯೂರಿ ದೇವರನ್ನು ಕೇಳುತ್ತಲೇ ಇದ್ದ. ಕೇಳಿದ್ದು ಪೂರ್ತಿ ಜೀವವನ್ನೂ ಅಲ್ಲ, ಒಂದು ಸಲದ ರೆಪ್ಪೆಯನ್ನು. ಮೇಲಿನ ಆಫೀಸಿನ ಉತ್ತರ ಬರಲಿಲ್ಲ. ಕಿಟಕಿಯ ಬಿಸಿಲು ಗೋಡೆಗೆ ಏರುವ ಹೊತ್ತಿಗೆ ಅಜ್ಜಿಯ ಉಸಿರು ನಿಂತಿತು.

ಕೌಂಟರಿನಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. “ನಾನೇನು ಮಾಡ್ಲಿ ಅಜ್ಜ...”

“ನಿನ್ನ ತಪ್ಪಲ್ಲ ಮಗಳೇ. ಮೇಲಿನವರಿಗೆ ಇಷ್ಟು ಬರೆದು ಕಳಿಸು. ಮೊದಲು ಜೀವ ಹಿಡೀರಿ, ಗುರುತು ಆಮೇಲೆ ಹಿಡೀರಿ ಅನ್ನು. ಎಚ್ಚರ ಇಲ್ಲದವರ ಪರವಾಗಿ ಡಾಕ್ಟರ ಮಾತು ನಡೀಲಿ ಅನ್ನು. ನಾಳೆ ಇನ್ನೊಬ್ಬಳು ಇದೇ ಹಾಸಿಗೆಗೆ ಬರ್ತಾಳೆ. ಬರೀತೀಯಾ?”

“ಬರೀತೀನಿ ಅಜ್ಜ.”

ಅಜ್ಜಿಯ ಕಣ್ಣುಗಳು ಅರೆ ತೆರೆದಿದ್ದವು, ಅವನನ್ನೇ ದಿಟ್ಟಿಸುವಂತೆ. ಅಜ್ಜ ತಾನೂ ಆ ಕಣ್ಣುಗಳನ್ನೇ ನೋಡುತ್ತ ನಿಂತ. ನೀರು ತುಂಬಿ ಮೊದಲು ಬಡಿದದ್ದು ಅವನ ರೆಪ್ಪೆಯೇ. ಆಮೇಲೆ ದೇವರ ಹೆಸರು ಹೇಳಿ, ಅದೇ ಎರಡು ಬೆರಳಿಂದ ಅವಳ ಕಣ್ಣು ಮುಚ್ಚಿದ.