ಬದುವಿನ ಹಿಂದಿನ ಕೂಗು

ಇದನ್ನು ಹೇಳಲು ನಾನು ಯಾರು ಎಂದುಕೊಂಡು ಎಷ್ಟೋ ಸಲ ಸುಮ್ಮನಾಗಿದ್ದೇನೆ. ಸಂಜೆ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ನನ್ನದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೇಳಬೇಕಾದ ನನ್ನಣ್ಣ ಬಾಯಿ ಬಿಡುವುದಿಲ್ಲ.

"ಇನ್ನೂ ಮೇಲಕ್ಕೆ ಮೆತ್ತೋ, ಬೋಳಿಮಗನೆ! ಮಂಡಿವರೆಗೂ ಕೆಸರು ಕಾಣ್ಬೇಕು."

ಧಣಿ ಬದುವಿನ ಮೇಲೆ ಕುರ್ಚಿ ಹಾಕಿಸಿ ಕಾಲು ಚಾಚಿ ಕೂತಿದ್ದರು. ಅಣ್ಣ ಕುಕ್ಕರುಗಾಲಲ್ಲಿ ಕೂತು ಅವರ ಬೆಳ್ಳಗಿನ ಮೀನಖಂಡಗಳಿಗೆ ಕೆಸರು ಮೆತ್ತುತ್ತಿದ್ದ. ಸ್ವತಃ ಉಳುವವರಿಗೆ ಮಾತ್ರ ಸರ್ಕಾರದ ಸಹಾಯಧನ. ಧಣಿ ಉಳುವುದನ್ನು ಕಣ್ಣಾರೆ ನೋಡಿ ಫೋಟೋ ತೆಗೆಯಲು ಅಧಿಕಾರಿ ಬರುವವರಿದ್ದರು. ಅಪ್ಪನ ಕಾಲದಿಂದ ಆ ಹೊಲವನ್ನು ಗೇಣಿಗೆ ಉಳುತ್ತಿದ್ದವರು ನಾವು. ಎತ್ತುಗಳೂ ನಮ್ಮವೇ.

"ನಿನ್ ತಲೆವಸ್ತ್ರ ಕೊಡಿಲ್ಲಿ. ಥೂ, ಏನ್ ನಾತವೋ!" ಧಣಿ ಮುಖ ಸಿಂಡರಿಸಿ ಸುತ್ತಿಕೊಂಡರು.

ಅತ್ತಿಗೆಗೆ ತಡೆಯಲಾಗಲಿಲ್ಲ. "ಧಣಿ, ಹೋದ್ವರ್ಷ ಪಕ್ಕದ ಹೊಲದ ಕುಂಟನಿಗೂ ಹಿಂಗೇ ಮಾಡಿದ್ರಿ. ಫೋಟೋ ಆದ್ಮೇಲೆ, ನಾನೇ ಉಳ್ತೀನಿ ನಡಿ ಅಂತ ಓಡಿಸಿದ್ರಿ."

"ನಿನ್ ಹೆಂಡ್ತಿಗೂ ಒಂದು ಮೂಗುದಾರ ಹಾಕೋ. ಎಲ್ಲಾರೂ ಬದು ಹಿಂದೆ ಮಲಗಿ. ಒಂದು ತಲೆ ಕಂಡ್ರೂ ನಾಳೆಯಿಂದ ಇಲ್ಲಿ ಕಾಲಿಡಂಗಿಲ್ಲ."

ಮಲಗಿದೆವು. ಜೀಪು ಬಂದು ನಿಂತಿತು. ಧಣಿ ನೇಗಿಲಿನ ಮೇಣಿ ಹಿಡಿದು "ಹೈ! ಹೈ!" ಎಂದರು. ಎತ್ತುಗಳು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅಣ್ಣ ಅವಕ್ಕೆ ಕೋಲು ತೋರಿಸಿದವನಲ್ಲ. ನಾಲಿಗೆಯನ್ನು ಅಂಗುಳಕ್ಕೆ ತಟ್ಟಿ, "ಬಾ ಮಗನೇ" ಎಂದು ಎಳೆದು ಕೂಗಿದರೆ ಮಾತ್ರ ಹೆಜ್ಜೆ ಎತ್ತುತ್ತಿದ್ದವು.

"ನಿಮ್ಮೆತ್ತೇ ತಾನೇ, ಯಜಮಾನ್ರೇ?" ಅಧಿಕಾರಿ ನಕ್ಕರು.

"ನಮ್ಮವೇ ಸಾರ್. ಇವತ್ಯಾಕೋ ಮೊಂಡು ಹಿಡಿದವೆ."

"ಕೂಗ್ಬೇಡಿ, ದಮ್ಮಯ್ಯ," ಅತ್ತಿಗೆ ಅಣ್ಣನ ಕಿವಿಗೆ ಬಾಯಿಟ್ಟಳು. "ಧಣಿಗೆ ಉಳೋಕೆ ಬರಲ್ಲ ಅಂತ ಬರ್ಕೊಂಡು ಹೋಗ್ಲಿ. ಹೊಲ ನಮಗೇ ಉಳಿಯತ್ತೆ."

ಅಣ್ಣ ಒಂದು ಮಣ್ಣಿನ ಹೆಂಟೆಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದ. ಅತ್ತ ಧಣಿ ಕೋಲಿನಿಂದ ಬಡಿಯತೊಡಗಿದರು. ಏಟು ಬಿದ್ದಾಗಲೆಲ್ಲ ಇತ್ತ ಅಣ್ಣನ ಬೆನ್ನು ಅದುರುತ್ತಿತ್ತು. ಮುದಿ ಎತ್ತು ಮುಂಗಾಲು ಮಡಿಸಿ ಕುಸಿಯಿತು.

ಅಣ್ಣ ಮಣ್ಣು ಉಗಿದು ಕೂಗಿದ.

ಕುಸಿದಿದ್ದ ಎತ್ತು ಎದ್ದಿತು. ಎರಡೂ ಧಣಿಯನ್ನೂ ನೇಗಿಲನ್ನೂ ಎಳೆದುಕೊಂಡು ನೇರ ಬದುವಿಗೇ ಬಂದು, ಅಣ್ಣನ ಬರಿತಲೆ ಮೂಸಿ ನಿಂತವು. ಹಿಂದೆಯೇ ಅಧಿಕಾರಿ ಬಂದರು.

"ಯಾರಿವ್ರು?"

"ಯಾರೂ ಅಲ್ಲ ಸಾರ್. ದನ ಕಾಯೋರು."

ಅಧಿಕಾರಿ ಅಣ್ಣನ ಮಣ್ಣು ಮೆತ್ತಿದ ತುಟಿ ನೋಡಿದರು. ಧಣಿಯ ತಲೆಯ ಮೇಲಿನ ವಸ್ತ್ರ ನೋಡಿದರು. ಫೋನು ಎತ್ತಿ ಹಿಡಿದು, "ಸ್ವಲ್ಪ ಆಚೆ ಸರೀರಪ್ಪ, ಫೋಟೋದಲ್ಲಿ ಬೀಳ್ತೀರ" ಎಂದರು.

ಸರಿದೆವು.

ಮರುದಿನವೇ ಹೊಲದ ದಾರಿಗೆ ಮುಳ್ಳು ಬಿತ್ತು. ಕಣ್ಣಿ ಬಿಚ್ಚಿದೊಡನೆ ಎತ್ತುಗಳು ಈಗಲೂ ಅತ್ತಲೇ ನಡೆದು ಮುಳ್ಳಿನ ಮುಂದೆ ನಿಲ್ಲುತ್ತವೆ. ಅಣ್ಣ ಅವನ್ನು ಕೂಗಿ ಕರೆಯುವುದಿಲ್ಲ. ಹಗ್ಗ ಹಿಡಿದು ಎಳೆದು ತರುತ್ತಾನೆ. ಅತ್ತಿಗೆ ಅವನೊಡನೆ ಮಾತು ಬಿಟ್ಟಿದ್ದಾಳೆ.

ಅಂದು ಅವನು ಕೂಗಿದ್ದು ಎತ್ತಿನ ನೋವು ನೋಡಲಾರದೆಯೋ, ಧಣಿಯ ಭಯಕ್ಕೋ, ನನಗೆ ತಿಳಿಯದು. ಕೇಳುವ ಧೈರ್ಯ ಬಂದಿಲ್ಲ.