ಒಂಬತ್ತನೇ ಭಾಗ

ಮೂರನೇ ಮಂಗ ಮಾಳಿಗೆಯ ಗೋಡೆ ಹತ್ತಿದಾಗ ಅಂಜಲಿ ಪುಸ್ತಕದಿಂದ ತಲೆ ಎತ್ತದೆಯೇ ಕೋಲನ್ನು ನೆಲಕ್ಕೆ ಬಡಿದಳು. ಮಂಗ ಹಲ್ಲು ಕಿರಿದು ಪಕ್ಕದ ಮನೆಯ ತಗಡಿನ ಮೇಲೆ ಹಾರಿಕೊಂಡಿತು. ತಂತಿಗಳ ಮೇಲೆ ಆರು ರೂಮುಗಳ ಚಾದರಗಳು ಒಣಗುತ್ತಿದ್ದವು. ಅವುಗಳ ನೆರಳಿನಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಅವಳು ನಾನೂರ ಮೂವತ್ತೆಂಟನೇ ಪುಟ ಓದುತ್ತಿದ್ದಳು. ಪುಸ್ತಕ ಅವಳದಲ್ಲ, ನಾಲ್ಕನೇ ರೂಮಿನ ಹೆಂಗಸಿನದು. ಆರು ದಿನಗಳಿಂದ ಅದು ಬೆಳಿಗ್ಗೆ ಮಾಸಿದ ಚಾದರದಲ್ಲಿ ಸುತ್ತಿಕೊಂಡು ಮಾಳಿಗೆ ಹತ್ತುತ್ತಿತ್ತು, ಮಧ್ಯಾಹ್ನ ಮಡಿಸಿದ ಚಾದರದಲ್ಲಿ ಸುತ್ತಿಕೊಂಡು ಇಳಿಯುತ್ತಿತ್ತು.

ಹಂಪಿಯಲ್ಲಿ ಬಟ್ಟೆ ಒಗೆಯುವುದು ಅರ್ಧ ಕೆಲಸ, ಒಣಗುವ ತನಕ ಮಂಗಗಳಿಂದ ಕಾಯುವುದು ಇನ್ನರ್ಧ. ಈ ಗೆಸ್ಟ್‌ಹೌಸಿನಲ್ಲಿ ಮೊದಲು ಅಂಜಲಿಯ ತಾಯಿ ಸುಂಕಲಮ್ಮ ರೂಮು ಗುಡಿಸುತ್ತಿದ್ದಳು. ಅವಳ ಸೊಂಟ ಹಿಡಿದುಕೊಂಡ ಮೇಲೆ ಕೆಲಸ ಮಗಳಿಗೆ ಬಂತು, ಕೋಲೂ ಬಂತು. ಅಷ್ಟರಲ್ಲಿ ಅಂಜಲಿ ಹೊಸಪೇಟೆ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಮನೆಯಲ್ಲಿ ಕೂತಿದ್ದಳು. ಮಾಳಿಗೆಯ ಮೇಲೆ ದಿನಕ್ಕೆ ಎರಡು ತಾಸು ಸುಮ್ಮನೆ ಕೂರಬೇಕಲ್ಲ ಎಂದು ಕೆಳಗಿನ ಕಪಾಟಿನಿಂದ ಒಂದು ದಪ್ಪ ಪುಸ್ತಕ ತಂದದ್ದು ಆರು ವರ್ಷದ ಹಿಂದೆ. ಗಿರಾಕಿಗಳು ಬಿಟ್ಟು ಹೋದ ಪುಸ್ತಕಗಳ ಕಪಾಟು ಅದು. ಮುಖಪುಟದಲ್ಲಿ ಚಂದ್ರ, ಒಂದು ಕಟ್ಟಡದ ನೆತ್ತಿ, ಅಂಗಿಯಿಲ್ಲದ ಒಬ್ಬ ಗಂಡಸು. ಅದು ಸರಣಿಯ ಮೂರನೇ ಭಾಗ ಎಂದು ತಿಳಿಯುವಷ್ಟು ಇಂಗ್ಲಿಷು ಬರಲು ಅವಳಿಗೆ ನಾಲ್ಕು ತಿಂಗಳು ಹಿಡಿಯಿತು.

ಕಥೆ ದೂರದ ಒಂದು ಶಹರದ್ದು. ಮಾರ್ಲಾ ಎಂಬ ಹೆಣ್ಣು ಅಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿರುತ್ತಾಳೆ. ಕತ್ತಲಾದ ಮೇಲೆ ಅವಳ ಗಿರಾಕಿಗಳೇ ಬೇರೆ. ರಕ್ತ ಕುಡಿಯುವವರು, ಹುಣ್ಣಿಮೆಗೆ ತೋಳವಾಗುವವರು, ಸತ್ತು ನೂರು ವರ್ಷವಾದರೂ ಕಾಲರಿಗೆ ಗಂಜಿ ಹಾಕಿಸಿಕೊಳ್ಳುವವರು. ಅವರಲ್ಲಿ ಟೋಬಿನ್ ಎಂಬ ತೋಳದವನ ಮೇಲೆ ಅವಳಿಗೆ ಮನಸ್ಸು. ಒಟ್ಟು ಒಂಬತ್ತು ಭಾಗ. ಯಾವ ಭಾಗ ಯಾವಾಗ ಬರುತ್ತದೆ ಎನ್ನುವುದು ಗಿರಾಕಿಗಳ ಮರ್ಜಿ. ಮೂರನೆಯದಾದ ಮೇಲೆ ಏಳು, ಆಮೇಲೆ ಒಂದು, ಐದು, ಎರಡು, ಹೀಗೆ. ಐದರಲ್ಲಿ ಸತ್ತವನು ಎರಡರಲ್ಲಿ ಆರಾಮಾಗಿ ಕೂತು ಕಾಫಿ ಕುಡಿಯುತ್ತಿದ್ದ. ಅಂಜಲಿ ಎಲ್ಲವನ್ನೂ ಒಳಗೇ ಸರಿಹೊಂದಿಸಿಕೊಂಡಳು. ಎಂಟು ಭಾಗ ಬಂದವು, ಒಂಬತ್ತನೆಯದು ಬರಲಿಲ್ಲ. ಅಚ್ಚಾಗುವುದು ನಿಂತು ಎಷ್ಟೋ ವರ್ಷವಾಗಿತ್ತಂತೆ. ಫೋನಿಗೆ ಒಮ್ಮೆ ಇಳಿಸಿಕೊಂಡಳು. ಮೂರು ಪುಟ ಇಂಗ್ಲಿಷು, ಮುಂದೆಲ್ಲ ಯಾವುದೋ ದೇಶದ ಭಾಷೆ. ಕೊನೆಗೇನಾಯಿತು ಎಂದು ನಾಲ್ಕು ಸಾಲಿನಲ್ಲಿ ಬರೆದಿಟ್ಟವರು ಬೇಕಾದಷ್ಟಿದ್ದರು. ಅದನ್ನು ನೋಡುವುದೆಂದರೆ ಬೇರೆಯವರು ಉಂಡೆದ್ದ ಎಲೆ ನೋಡಿ ಹೊಟ್ಟೆ ತುಂಬಿಸಿಕೊಂಡ ಹಾಗೆ ಎಂದು ಅವಳು ನೋಡಿರಲಿಲ್ಲ.

ಈಗ ಅದು ಕೈಯಲ್ಲಿತ್ತು. ಇನ್ನು ಎಪ್ಪತ್ತು ಚಿಲ್ಲರೆ ಪುಟ.

ಅಡುಗೆಯ ಬಸಕ್ಕ ಮೆಣಸಿನಕಾಯಿ ಒಣಹಾಕಲು ಮೊರ ಹಿಡಿದು ಹತ್ತಿ ಬಂದಳು. ಅವಳಿಗೆ ಓದು ಬರುವುದಿಲ್ಲ, ಆದರೆ ಎಂಟು ಭಾಗಗಳೂ ಬಾಯಿಪಾಠ.

"ಏನಂತಾನ ನಿಮ್ಮ ತ್ವಾಳಪ್ಪ?"

"ಸತ್ತಾನಂತ ಎಲ್ಲಾರೂ ತಿಳ್ಕಂಡಾರ. ಮಾರ್ಲಾ ಅವನ ಅಂಗಿ ತೊಳ್ಯಾಕತ್ತಾಳ."

"ರಕ್ತದ ಕಲಿ ಬಿಸಿನೀರಾಗ ಹೋಗಂಗಿಲ್ಲ. ಗೊತ್ತೈತಿಲ್ಲ ಆಕಿಗೆ?"

"ತಣ್ಣೀರಾಗ ಹಾಕ್ಯಾಳ ಬಿಡು. ತೊಳಿಯೋ ಮುಂದ ಮೂಸಿ ನೋಡಿದ್ಲು. ಅಂಗಿ ಅವಂದು, ರಕ್ತ ಅವಂದಲ್ಲ."

ಬಸಕ್ಕ ಮೊರವನ್ನು ನೆಲಕ್ಕಿಟ್ಟಳು. "ಹಂಗಾದ್ರ ಹೆಣದ ಪೆಟ್ಟಿಗ್ಯಾಗ ಯಾರದಾರ?"

"ಅಲ್ಲಿಗೆ ಇನ್ನಾ ಬಂದಿಲ್ಲ."

"ಜಲ್ದಿ ಓದಿ ಮುಗಸು. ಆ ವೀರೇಶ ನೋಡಿದ್ರ ನಿನ್ನ ಕಥಿನ ಮುಗಸ್ತಾನ."

ಅದು ಬರೀ ಮಾತಲ್ಲ. ಗಿರಾಕಿಗಳ ಸಾಮಾನು ಮುಟ್ಟಿದವರು ಮರುದಿನ ಬರುವಂತಿಲ್ಲ ಎನ್ನುವುದು ಮಾಲೀಕ ವೀರೇಶನ ಕಾಯಿದೆ. ಎರಡು ವರ್ಷದ ಹಿಂದೆ ಒಬ್ಬಳು ಗಿರಾಕಿಯ ಚಾರ್ಜರಿನಲ್ಲಿ ತನ್ನ ಫೋನು ಹಚ್ಚಿದ್ದಕ್ಕೆ ಸಂಜೆಯೊಳಗೆ ಮನೆ ಸೇರಿದ್ದಳು. ಹೊಸಬರು ಬಂದಿಳಿದಾಗಲೆಲ್ಲ ವೀರೇಶ ಕೀಲಿಕೈ ಕೊಡುತ್ತಾ ಇಂಗ್ಲಿಷಿನಲ್ಲಿ ಒಂದು ಮಾತು ತಪ್ಪದೆ ಹೇಳುತ್ತಿದ್ದ: ಚೀಲಕ್ಕೆ ಬೀಗ ಹಾಕಿಟ್ಟುಕೊಳ್ಳಿ, ಕೆಲಸದ ಈ ಜನ ಎಂಥವರೆಂದು ಹೇಳಲಾಗದು. ಪಕ್ಕದಲ್ಲಿ ಟವೆಲ್ಲು ಹಿಡಿದು ಅಂಜಲಿ ನಿಂತಿರುತ್ತಿದ್ದಳು. ಹೇಳುವಾಗ ಅವನು ಅವಳ ಕಡೆ ನೋಡಿ ನಗುತ್ತಿದ್ದ, ಅವಳೂ ನಗುತ್ತಿದ್ದಳು. ಮೊದಲ ವರ್ಷ ಅರ್ಥವಾಗದೆ ನಗುತ್ತಿದ್ದಳು. ಅರ್ಥವಾದ ಮೇಲೆ ನಗು ನಿಲ್ಲಿಸಿದರೆ ಗೊತ್ತಾಗಿಬಿಡುತ್ತದೆಂದು ನಗುತ್ತಿದ್ದಳು. ತನಗೆ ಇಂಗ್ಲಿಷು ಬರುತ್ತದೆ ಎನ್ನುವುದನ್ನು ಹೀಗೆ ಮುಚ್ಚಿಟ್ಟುಕೊಂಡೇ ಬಂದಿದ್ದಳು.

ನಾಲ್ಕನೇ ರೂಮಿನ ಹೆಂಗಸಿನ ಹೆಸರು ಮೊರೀನ್. ಅರವತ್ತು ದಾಟಿದವಳು, ಕತ್ತರಿಸಿದ ಬಿಳಿ ಕೂದಲು. ದಿನಾ ಏಳಕ್ಕೆ ಹೊರಟು ಯಾವುದಾದರೂ ಮಂಟಪದೆದುರು ಕೂತು ಚಿತ್ರ ಬರೆದು, ಒಂದು ಗಂಟೆಗೆ ಮರಳುತ್ತಿದ್ದಳು. ಪುಸ್ತಕ ಓದುವುದು ಸಂಜೆ ಪಡಸಾಲೆಯಲ್ಲಿ. ಗುರುತಿಗೆ ವಿಠ್ಠಲ ಗುಡಿಯ ಪ್ರವೇಶದ ಟಿಕೀಟು ಇಡುತ್ತಿದ್ದಳು. ಅಂಜಲಿ ಟಿಕೀಟು ಇದ್ದ ಪುಟದ ನಂಬರು ನೆನಪಿಟ್ಟುಕೊಂಡು, ಗಾಳಿಗೆ ಹಾರದಂತೆ ಅದನ್ನು ಮುಷ್ಟಿಯಲ್ಲಿ ಹಿಡಿದು ಓದಿ, ಇಳಿಯುವ ಮುಂಚೆ ಇದ್ದಲ್ಲೇ ಇಡುತ್ತಿದ್ದಳು. ಆವತ್ತು ಮೊರೀನಳ ಪುಟ ನಾನೂರ ಎರಡು.

ನಾನೂರ ಅರವತ್ತೊಂದರಲ್ಲಿ ಇದ್ದಾಗ ಕೆಳಗಿನಿಂದ ವೀರೇಶ ಕೂಗಿದ. "ಅಂಜಲಿ, ಮೇಡಂ ಬಂದಾರ. ನಾಲ್ಕನೇ ರೂಮಿಗೆ ಚಾದರ ಹಾಕಿಲ್ಲೇನ?"

ಇನ್ನೂ ಹನ್ನೆರಡು ಗಂಟೆ. ಅಂಜಲಿ ದಡಬಡ ಎದ್ದಳು. ಪುಸ್ತಕವನ್ನು ಚಾದರದೊಳಗೆ ತುರುಕಿ, ಹಿಂದಿನ ಮೆಟ್ಟಿಲಿಳಿದು, ಮೊರೀನ್ ಅಂಗಳದಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಹಾಸಿಗೆ ಹಾಸಿ ಪುಸ್ತಕವನ್ನು ಮೇಜಿನ ಮೇಲೆ ಇದ್ದ ಹಾಗೇ, ಬೆನ್ನು ಕಿಟಕಿಯ ಕಡೆ ಮಾಡಿ ಇಟ್ಟು ಹೊರಬಂದಳು. ಏದುಸಿರು ಬಿಡುತ್ತಾ ಅಡುಗೆಮನೆ ಸೇರಿದ ಮೇಲೆ ಮುಷ್ಟಿ ಬಿಚ್ಚಿದಳು. ಟಿಕೀಟು ಇರಲಿಲ್ಲ. ಎದ್ದೇಳುವ ಅವಸರದಲ್ಲಿ ಕೈ ತಾನೇ ತಾನಾಗಿ ತನ್ನ ಪುಟಕ್ಕೆ ಗುರುತು ಇಟ್ಟುಬಿಟ್ಟಿತ್ತು. ಓದುವವರ ಕೈ ಅದನ್ನೇ ಮಾಡುತ್ತದೆ, ಅದಕ್ಕೆ ಮಾಲೀಕರ ಕಾಯಿದೆ ತಿಳಿಯುವುದಿಲ್ಲ. ಆ ಮಧ್ಯಾಹ್ನವೆಲ್ಲ ಮೊರೀನ್ ರೂಮಿನಿಂದ ಅಲುಗಲಿಲ್ಲ. ಟಿಕೀಟನ್ನು ಹಿಂದಕ್ಕೆ ಸರಿಸಲು ಅಂಜಲಿಗೆ ದಾರಿ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಮೊರೀನ್ ಪುಸ್ತಕ ಹಿಡಿದು ಕೌಂಟರಿಗೆ ಬಂದಳು. ವೀರೇಶ ಅಂಜಲಿಯನ್ನೂ ಬಸಕ್ಕನನ್ನೂ ಕರೆಸಿದ. ಮೊರೀನಳ ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಸೋಜಿಗವಿತ್ತು. ಕಳುವಾಗಿಲ್ಲ, ಏನೂ ಹೋಗಿಲ್ಲ, ಆದರೆ ತಾನು ಗುರುತು ಇಟ್ಟ ಜಾಗದಿಂದ ಟಿಕೀಟು ಅರವತ್ತು ಪುಟ ಮುಂದೆ ಹೋಗಿದೆ ಎಂದಳು. ಯಾರೋ ಇದನ್ನು ಓದುತ್ತಿದ್ದಾರೆ ಎಂದಳು.

ವೀರೇಶ ಪುಸ್ತಕದ ದಪ್ಪ ನೋಡಿದ, ಅಂಜಲಿಯನ್ನು ನೋಡಿದ, ಜೋರಾಗಿ ನಕ್ಕ. "ಮಂಕಿ, ಮೇಡಂ. ಹಂಪಿ ಮಂಕಿ." ಕಿಟಕಿ ತೆರೆದಿದ್ದರೆ ಒಳಗೆ ಬಂದು ಎಲ್ಲವನ್ನೂ ಕೆದರುತ್ತವೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದ. ತನ್ನ ಕೆಲಸದವರು ಹೆಬ್ಬೆಟ್ಟಿನವರು, ಇಷ್ಟು ದಪ್ಪ ಪುಸ್ತಕ ಅವರಿಗೆ ತಲೆದಿಂಬಿಗಷ್ಟೇ ಆದೀತು ಎಂದೂ ಸೇರಿಸಿದ. ಆಮೇಲೆ ಕನ್ನಡದಲ್ಲಿ, "ಏನ್ಲೇ ಅಂಜಲಿ, ಮಂಗ್ಯಾ ಬಂದಿತ್ತಲ್ಲ ನಿನ್ನೆ?"

ಅಂಜಲಿ ಕಾಲ ಬೆರಳು ನೋಡುತ್ತಾ ನಿಂತಳು. ಬಚಾವಾಗುವ ದಾರಿ ತಾನಾಗಿಯೇ ಎದುರಿಗೆ ಬಂದು ನಿಂತಿತ್ತು. ಹೂಂ ಅಂದರೆ ಮುಗಿಯಿತು. ಬಿ.ಎ. ಓದಿದವಳನ್ನು ಹೆಬ್ಬೆಟ್ಟು ಅಂದದ್ದು ಉರಿಯಿತು, ನಿಜ. ಆದರೆ ಉರಿ ಅವಳಿಗೆ ಹೊಸದಲ್ಲ, ನುಂಗುವುದೂ ಹೊಸದಲ್ಲ.

"ಹೂಂರಿ ಅಣ್ಣಾರ. ಒಂದು ಗಡವ ಬಂದಿತ್ತು," ಎಂದಳು. ಬಸಕ್ಕ ಜೋರಾಗಿ ತಲೆಯಾಡಿಸಿದಳು.

ಮೊರೀನ್ ಪುಸ್ತಕ ತೆರೆದು ಟಿಕೀಟು ಇದ್ದ ಪುಟದ ಮೇಲೆ ಬೆರಳಿಟ್ಟಳು. ಬಹಳ ಜಾಣ ಮಂಗ, ಸರಿಯಾಗಿ ಹೆಣದ ಪೆಟ್ಟಿಗೆಯ ಹತ್ತಿರ ನಿಲ್ಲಿಸಿದೆ, ಎಂದಳು. ತಿಳಿಯದೆ ನಾಲ್ಕು ಸಾಲು ಓದಿಬಿಟ್ಟೆ, ಮಾರ್ಲಾ ಅವನ ಅಂಗಿ ಮಡಿಸಿ ಪೆಟ್ಟಿಗೆಯ ಮೇಲೆ ಇಡುತ್ತಿದ್ದಾಳೆ, ಅಂದರೆ ಟೋಬಿನ್ ಸತ್ತ, ಇನ್ನು ಓದಿ ಏನು ಬಂತು, ಎಂದಳು. ನಿಜವಾಗಿಯೂ ಆಕೆಯ ಮುಖ ಸಣ್ಣಗಾಗಿತ್ತು. ಪುಸ್ತಕ ಮುಚ್ಚಿ ಕೌಂಟರಿನ ಮೇಲಿಟ್ಟು, ಬೇಕಾದರೆ ಕಪಾಟಿಗೆ ಹಾಕಿಕೊಳ್ಳಿ ಎನ್ನುವಂತೆ ದೂಡಿದಳು.

ಬಾಯಿ ಮುಚ್ಚಿಕೊಂಡಿದ್ದರೆ ಪುಸ್ತಕ ಆ ಕ್ಷಣಕ್ಕೇ ಕಪಾಟು ಸೇರುತ್ತಿತ್ತು, ಕಪಾಟಿನಿಂದ ಮಾಳಿಗೆಗೆ ದಾರಿ ಆರು ವರ್ಷದಷ್ಟು ಹಳೆಯದು. ಅಂಜಲಿಗೆ ಇದೆಲ್ಲ ಹೊಳೆದದ್ದು ಆಮೇಲೆ. ಆಗ ಅವಳಿಗೆ ಕಂಡದ್ದು ಒಂದೇ. ಎಂಟು ಭಾಗ ಜೊತೆಗೆ ನಡೆದುಬಂದ ಇನ್ನೊಬ್ಬ ಓದುಗಾರ್ತಿ ಸುಳ್ಳು ಸಾವನ್ನು ನಂಬಿಕೊಂಡು ಎದ್ದು ಹೋಗುತ್ತಿದ್ದಾಳೆ.

"ನೋ, ಮೇಡಂ," ಎಂದಳು ಅಂಜಲಿ. "ನಾಟ್ ಡೆಡ್. ಇಟ್ ಈಸ್ ಓನ್ಲಿ ಹಿಸ್ ಶರ್ಟ್."

ಕೌಂಟರಿನ ಮೇಲಿನ ಫ್ಯಾನು ಕಿರುಗುಟ್ಟುತ್ತಿತ್ತು. ಮೊರೀನ್ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದಳು. ಏನೋ ಕೇಳಲು ಬಾಯಿ ತೆರೆದವಳು ಥಟ್ಟನೆ ಎರಡೂ ಕೈ ಎತ್ತಿ, ಮುಂದೆ ಹೇಳಬೇಡ, ಏನೂ ಹೇಳಬೇಡ ಎಂದಳು. ಪುಸ್ತಕವನ್ನು ಎದೆಗವಚಿಕೊಂಡು ರೂಮಿಗೆ ನಡೆದಳು.

ವೀರೇಶ ರಿಜಿಸ್ಟರನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಸರಿಸಿದ.

"ಎಷ್ಟು ದಿನದಿಂದ ಇಂಗ್ಲಿಷ್ ಬರ್ತೈತಿ ನಿನಗ?"

"ಐದು ವರ್ಷ ಆಗಿರಬೇಕ್ರಿ."

"ನಾನು ಗಿರಾಕಿಗೆ ಹೇಳಾದೆಲ್ಲಾ ತಿಳೀತಿತ್ತು?"

"ತಿಳೀತಿತ್ರಿ."

ಅವನು ಮನಸ್ಸಿನಲ್ಲೇ ಐದು ವರ್ಷದ ಗಿರಾಕಿಗಳನ್ನು ಹಿಂದಿನಿಂದ ಮುಂದಕ್ಕೆ ತಿರುವಿ ಹಾಕುತ್ತಿದ್ದದ್ದು ಮುಖದ ಮೇಲೆ ಕಾಣುತ್ತಿತ್ತು. ನಾಚಿಕೆಯಾಯಿತು ಅವನಿಗೆ. ನಾಚಿಕೆಯಾದ ಮಾಲೀಕ ಸಿಟ್ಟಾದ ಮಾಲೀಕನಿಗಿಂತ ಕಷ್ಟ.

"ನಾಳೆ ನಾಲ್ಕನೇ ರೂಮು ಖಾಲಿ ಆಗ್ತೈತಿ. ಅದನ್ನ ಸ್ವಚ್ಛ ಮಾಡಿ ಹೋಗು. ನಾಡಿದ್ದಿನಿಂದ ಬರಬ್ಯಾಡ."

"ಅಕಿ ಏನು ಕದ್ಲಂತ ಹಂಗಂತೀರಿ?" ಎಂದಳು ಬಸಕ್ಕ.

"ನೀ ಒಳಗ ಹೋಗು ಬಸಕ್ಕ," ಎಂದ ವೀರೇಶ, ತಲೆ ಎತ್ತದೆ.

ಆ ದಿನ ಪುಸ್ತಕ ಮಾಳಿಗೆ ಹತ್ತಲಿಲ್ಲ. ಮೊರೀನ್ ಚಿತ್ರ ಬರೆಯಲು ಹೋಗದೆ ಪಡಸಾಲೆಯಲ್ಲೇ ಕಾಲು ಚಾಚಿ ಓದುತ್ತಿದ್ದಳು. ಅಂಜಲಿ ಚಾದರಗಳ ನಡುವೆ ಕೋಲು ಹಿಡಿದು ಖಾಲಿ ಕೂತಳು. ಕೆಲಸ ಹೋದದ್ದಕ್ಕೆ ದುಃಖವಾಗಬೇಕಿತ್ತು, ಆಗುತ್ತಲೂ ಇತ್ತು. ಅವ್ವನಿಗೆ ಏನು ಹೇಳುವುದು ಎಂದು ತಿಳಿಯದಾಗಿತ್ತು. ಆದರೆ ಅದರ ಅಡಿಯಲ್ಲಿ ಇನ್ನೊಂದು ಸಂಕಟ ಕೂತಿತ್ತು. ಪೆಟ್ಟಿಗೆಯಲ್ಲಿ ಯಾರಿದ್ದಾರೆ ಎನ್ನುವುದು ಅವಳಿಗೆ ಇನ್ನು ತಿಳಿಯುವುದೇ ಇಲ್ಲ.

ಕೊನೆಯ ಬೆಳಿಗ್ಗೆ ಮೊರೀನಳ ಚೀಲ ಕಟ್ಟಿ ಬಾಗಿಲ ಬಳಿ ಇತ್ತು. ಹೊಸಪೇಟೆ ಸ್ಟೇಷನ್ನಿಗೆ ಆಟೋ ಹತ್ತು ಗಂಟೆಗೆ. ಆಕೆ ಪಡಸಾಲೆಯ ಮೇಜಿನಲ್ಲಿ ಕೂತು ಓದುತ್ತಿದ್ದಳು, ಉಳಿದ ಹಾಳೆಗಳು ಒಂದು ಬೆರಳಿನಷ್ಟೂ ದಪ್ಪ ಇರಲಿಲ್ಲ. ಬಸಕ್ಕ ಚಹಾದ ಕೆಟಲ್ಲನ್ನು ಅಂಜಲಿಯ ಕೈಗಿಟ್ಟಳು.

"ನೀನ ಒಯ್ಯಿ. ನನ್ನ ಮಣಕಾಲು ನೋಯಾಕತ್ತೈತಿ."

ಮಣಕಾಲು ನಿನ್ನೆಯವರೆಗೂ ಗಟ್ಟಿಯಾಗಿಯೇ ಇತ್ತು.

ಅಂಜಲಿ ಮೊರೀನಳ ಎಡಭುಜದ ಹಿಂದೆ ನಿಂತು ಚಹಾ ಬಗ್ಗಿಸಿದಳು. ಬೇಡವೆಂದರೂ ಕಣ್ಣು ಹಾಳೆಯ ಮೇಲೆ ಬಿತ್ತು. ನಾನೂರ ಅರವತ್ತೆಂಟು. ಮಾರ್ಲಾ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದ್ದಳು. ಲೋಟ ತುಂಬಿತು. ಅಂಜಲಿ ಕೆಟಲ್ಲು ನೆಟ್ಟಗೆ ಮಾಡಿದಳು, ಆದರೆ ಹೋಗಲಿಲ್ಲ.

ಮೊರೀನ್ ಹಿಂತಿರುಗಿ ನೋಡಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಅಗಲವಾಗಿ ಬಿಚ್ಚಿ ಎಡಗಡೆಗೆ ಒಂದು ಗೇಣು ಸರಿಸಿದಳು. ಹೊರಗೆ ಆಟೋದವನು ಹಾರ್ನ್ ಹೊಡೆದ. ಆಕೆ ಆ ಕಡೆಗೆ ಅಂಗೈ ತೋರಿಸಿದಳು. ಕೌಂಟರಿನಲ್ಲಿ ವೀರೇಶ ಎರಡು ಸಲ ಕೆಮ್ಮಿದ. ಮಾಳಿಗೆಯ ಮೇಲೆ ಕಾಯುವವರಿಲ್ಲದ ಚಾದರವೊಂದನ್ನು ಮಂಗಗಳು ಎಳೆದಾಡುವ ಸದ್ದು ಕೇಳುತ್ತಿತ್ತು.

ಮೊರೀನ್ ಪುಟದ ತಳಕ್ಕೆ ಬಂದಾಗಿತ್ತು. ಬೆರಳು ಹಾಳೆಯ ಮೂಲೆ ಹಿಡಿದು ನಿಂತಿತ್ತು, ಮಗುಚಲಿಲ್ಲ. ಅಂಜಲಿಗೆ ಇನ್ನೂ ನಾಲ್ಕು ಸಾಲು ಇದ್ದವು. ಅವಳು ಅವಸರ ಮಾಡಲಿಲ್ಲ.

"ಹೂಂ," ಎಂದಳು.

ಹಾಳೆ ಮಗುಚಿತು.